ಹನ್ನೊಂದು ಮುಚ್ಚಳಗಳು

ಆ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಹದಿನಾರು ವರ್ಷವಾಗಿತ್ತು. ಜಗಳ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಮಾತೇ ಇಲ್ಲದೆ ಜಗಳವಾಡುವುದು ಹೇಗೆ ಎಂದು ಯಾರಿಗಾದರೂ ಅನುಮಾನವಿದ್ದರೆ ಅವರು ಒಂದು ಸಂಜೆ ಅಲ್ಲಿ ಊಟಕ್ಕೆ ಕೂರಬೇಕಿತ್ತು. ಉದ್ದನೆಯ ಮೇಜಿನ ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ, ನಟ್ಟನಡುವೆ ಅವರ ತಾಯಿ. ಅಣ್ಣನಿಗೆ ಉಪ್ಪು ಬೇಕಾದರೆ ತಾಯಿಗೆ ಹೇಳುತ್ತಿದ್ದ. ತಾಯಿ ತಮ್ಮನಿಗೆ ಹೇಳುತ್ತಿದ್ದಳು. ತಮ್ಮ ಉಪ್ಪಿನ ಜೊತೆ ಒಂದು ಚುಚ್ಚುಮಾತನ್ನೂ ಸೇರಿಸಿ ಅವಳ ಕೈಗೆ ಕೊಡುತ್ತಿದ್ದ. ಅವಳು ಉಪ್ಪನ್ನಷ್ಟೇ ಮುಂದೆ ದಾಟಿಸಿ ಮಾತನ್ನು ತಾನೇ ನುಂಗಿಕೊಳ್ಳುತ್ತಿದ್ದಳು. ಹೀಗೆ ಎರಡೂ ಕಡೆಯ ಟಪಾಲು ಹಂಚುವುದರಲ್ಲೇ ಹೊತ್ತು ಹೋಗಿ, ಹದಿನಾರು ವರ್ಷದಿಂದ ಅವಳು ಬಿಸಿ ಅನ್ನ ಉಂಡದ್ದೇ ಇಲ್ಲ.

ಅಣ್ಣನ ಮಗಳಿಗೆ ಈಗ ಇಪ್ಪತ್ತೊಂದು. ಮನೆಯವರು ಅವಳನ್ನು ಕಿಡಿ ಎಂದು ಕರೆಯುತ್ತಿದ್ದರು; ಯಾಕೆ ಎಂದು ಹೊಸಬರಿಗೆ ವಿವರಿಸಬೇಕಾದ ಪ್ರಸಂಗ ಬಂದಿರಲಿಲ್ಲ. ಹತ್ತನೇ ತರಗತಿಯಲ್ಲಿ ಮೇಷ್ಟ್ರು ತಾವೇ ತಪ್ಪು ಲೆಕ್ಕ ಮಾಡಿ ಇವಳನ್ನು ಬೈದಾಗ, ಬೋರ್ಡಿನ ಮೇಲೆ ಸರಿಯಾದ ಉತ್ತರ ಬರೆದು, ಚೀಲ ಹೆಗಲಿಗೇರಿಸಿ ಹೊರಗೆ ನಡೆದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅಂದಿನಿಂದ ಒಂದು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುತ್ತಿದ್ದಳು. ಊರವರ ಕಣ್ಣಿಗೆ ಕಾಣದ ಗೀರು ಇವಳ ಕಣ್ಣಿಗೆ ಕಾಣುತ್ತಿತ್ತು. ಮನೆಯ ಗೀರಂತೂ ಕುರುಡರಿಗೂ ಕಾಣುವಷ್ಟು ಆಳವಿತ್ತು.

ಆ ವಾರದ ಜಗಳ ಹುಟ್ಟಿದ್ದು ಒಂದು ಹಳೆಯ ಕಾಲುಚೀಲದಿಂದ. ಕಿಡಿಯ ಅಪ್ಪನಿಗೆ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸ. ಅಲ್ಲಿ ಅಂಚಿನ ಬೆರಳಗಲದ ಚೂರನ್ನೂ ಬಿಸಾಡದೆ ಮನೆಗೆ ತಂದು ಚೀಟಿಪುಸ್ತಕ ಮಾಡುವ ಮನುಷ್ಯ. ಟೂತ್‌ಪೇಸ್ಟಿನ ಟ್ಯೂಬನ್ನು ಸೀಳಿ ಮೂರು ದಿನ ಹೆಚ್ಚಿಗೆ ಓಡಿಸುವವನು. ಸವೆದ ಸಾಬೂನಿನ ಚೂರುಗಳನ್ನೆಲ್ಲ ಒಂದು ಕಾಲುಚೀಲದಲ್ಲಿ ಕೂಡಿಹಾಕಿ, ಮುದ್ದೆ ಕಟ್ಟಿ ಬಚ್ಚಲಲ್ಲಿ ನೇತುಹಾಕಿದ್ದ. ಲಿಫ್ಟ್ ರಿಪೇರಿ ಮಾಡುವ ಚಿಕ್ಕಪ್ಪ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಬಂದವನು, ಅದನ್ನು ಸತ್ತ ಇಲಿ ಎಂದುಕೊಂಡು ಆಚೆ ಎಸೆದುಬಿಟ್ಟ.

"ಅಮ್ಮ, ಅವನಿಗೆ ಹೇಳು," ಎಂದ ಅಪ್ಪ, ಊಟಕ್ಕೆ ಕೂತಮೇಲೆ. "ಇನ್ನು ಮೂರು ವಾರಕ್ಕೆ, ಸೋಮವಾರ, ಗಾರೆಯವನು ಬರ್ತಾನೆ. ಅಡುಗೆಮನೆ ಮಧ್ಯಕ್ಕೆ ಗೋಡೆ. ಆ ಕಡೆ ಅವರದು, ಈ ಕಡೆ ನಮ್ಮದು."

"ಮೂರು ವಾರ ಯಾಕೆ, ನಾಳೆನೇ ಬರ್ಲಿ ಅಂತ ಹೇಳಮ್ಮ," ಎಂದ ಚಿಕ್ಕಪ್ಪ.

ಕಿಡಿಯ ಅಮ್ಮ ಬೇಳೆಯ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಚಿಕ್ಕಮ್ಮ ಆಲೂಗಡ್ಡೆ ಬಡಿಸುತ್ತಿದ್ದವಳು ಸೌಟನ್ನು ತಟ್ಟೆಯ ಮೇಲೆಯೇ ಮರೆತಳು. ಓರಗಿತ್ತಿಯರಿಬ್ಬರೂ ಆ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದ ಹತ್ತಿರ ಒಂದೇ ಒಲೆಯ ಮುಂದೆ ನಿಂತು ನಕ್ಕವರು. ಗೋಡೆಯ ವಿಚಾರ ಅವರನ್ನು ಯಾರೂ ಕೇಳಿರಲಿಲ್ಲ.

"ಅಜ್ಜಿ ಯಾವ ಕಡೆ?" ಎಂದು ಕೇಳಿದಳು ಕಿಡಿ.

ಅಪ್ಪ ಜೇಬಿನಿಂದ ನೀಟಾಗಿ ಕತ್ತರಿಸಿದ ಒಂದು ರಟ್ಟು ತೆಗೆದ. ಒಂದನೇ ತಾರೀಖಿನಿಂದ ಹದಿನೈದರವರೆಗೆ ಈ ಕಡೆ, ಹದಿನಾರರಿಂದ ಆ ಕಡೆ ಎಂದು ಬರೆದಿತ್ತು. ಚಿಕ್ಕಪ್ಪ ಅದನ್ನು ದೂರದಿಂದಲೇ ಓದಿ ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಅಭ್ಯಾಸಬಲದಿಂದ ಹಿರಿಮಗನ ಕಡೆ ತಿರುಗಿದಳು.

"ಮೂವತ್ತೊಂದನೇ ತಾರೀಖು ನಾನು ಯಾರ ಪಾಲಿಗೆ ಅಂತ ಕೇಳ್ತಿದ್ದಾನೆ," ಎಂದಳು. ಹೇಳಿ ಮುಗಿಸಿದಮೇಲೆ ತಾನು ಹೇಳಿದ್ದೇನು ಎಂದು ಅವಳಿಗೇ ಕೇಳಿಸಿತು. ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದಳು.

ಕಿಡಿಗೆ ನೆತ್ತಿಗೇರಿತು. "ಅಜ್ಜಿ ಏನು ಕುಕ್ಕರ್ರಾ? ಹದಿನೈದು ದಿನ ನೀನಿಟ್ಕೊ, ಹದಿನೈದು ದಿನ ಅವನಿಟ್ಕೊಳ್ಲಿ? ವಾಷರ್ ಸವೆದ್ರೆ ಯಾರು ಹಾಕಿಸ್ತೀರಿ, ಅದನ್ನೂ ರಟ್ಟಲ್ಲಿ ಬರಿ." ಅಪ್ಪ ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಎಂದ. ಆ ಮನೆಯಲ್ಲಿ ದೊಡ್ಡವರು ಯಾರೂ ತನಗೆ ಕಾಣುತ್ತಿಲ್ಲ ಎಂದು ಹೇಳಿ ಅವಳು ಕೈ ತೊಳೆಯಲು ಎದ್ದಳು.

ಇಷ್ಟಕ್ಕೂ ಮೂಲ ಸಾಬೂನಲ್ಲ, ಒಂದು ವೀಡಿಯೋ ಕ್ಯಾಮೆರಾ. ಕಿಡಿ ನಾಲ್ಕು ವರ್ಷದವಳಿದ್ದಾಗ ಅಣ್ಣತಮ್ಮಂದಿರು ಸೇರಿ ಅದನ್ನು ಕೊಂಡಿದ್ದರು. ಅಂಗೈಯಗಲದ ಪುಟ್ಟ ಡಿಸ್ಕ್ ಹಾಕುವಂಥದ್ದು. ಒಂದು ವರ್ಷ ಚಿಕ್ಕಪ್ಪ ಅದನ್ನು ಕೆಳಗಿಟ್ಟವನೇ ಅಲ್ಲ. ಹನ್ನೊಂದು ಡಿಸ್ಕ್ ಮುಗಿಸಿದ. ಆಮೇಲೆ ಮಹಡಿಯ ಮೇಲಿನಿಂದ ಪಾರಿವಾಳದ ಚಿತ್ರ ತೆಗೆಯಲು ಬಗ್ಗಿದಾಗ ಕ್ಯಾಮೆರಾ ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ನಾಲ್ಕು ತಿಂಗಳಿಗೆ ಅಜ್ಜ ಹೋದ. ಅಜ್ಜನ ಮುಖ ನೋಡಬೇಕೆಂದು ಅಪ್ಪ ಡಿಸ್ಕುಗಳನ್ನು ಒಬ್ಬ ಕಂಪ್ಯೂಟರಿನವನ ಬಳಿ ಒಯ್ದರೆ, ಅವನು ಹನ್ನೊಂದನ್ನೂ ಒಂದೊಂದಾಗಿ ಹಾಕಿ ತೆಗೆದು, ಎಲ್ಲವೂ ಖಾಲಿ ಎಂದು ಕೈಗಿತ್ತ. ಅಪ್ಪ ಮನೆಗೆ ಬಂದವನೇ, ಸಾವಿಗೆ ಸೇರಿದ್ದ ನೆಂಟರೆಲ್ಲರ ಎದುರು ತಮ್ಮನನ್ನು ಸುಳ್ಳ ಎಂದ. ಒಂದು ವರ್ಷ ಬರೀ ಡಬ್ಬ ಹಿಡಿದು ನಾಟಕವಾಡಿದ್ದೀಯ ಎಂದ. ತಾನು ತೆಗೆದದ್ದು ನಿಜ, ಕಳ್ಳ, ನೀನೇ ಏನೋ ಮಾಡಿ ಅಳಿಸಿದ್ದೀಯ ಎಂದು ಚಿಕ್ಕಪ್ಪ ತಿರುಗಿಬಿದ್ದ. ಇಬ್ಬರೂ ನೇರವಾಗಿ ಆಡಿದ ಕೊನೆಯ ಮಾತು ಅದೇ.

ಡಿಸ್ಕುಗಳನ್ನು ಬಿಸಾಡಲು ಮಾತ್ರ ಅಪ್ಪ ಬಿಡಲಿಲ್ಲ. ಖಾಲಿಯಾದರೇನು, ಏನಾದರೂ ಉಪಯೋಗಕ್ಕೆ ಬರುತ್ತದೆ ಎಂದ. ಬಂತು. ಅಜ್ಜಿಯ ನೀರಿನ ಲೋಟಗಳ ಬಾಯಿಗೆ ಅವು ಅಳತೆ ತೆಗೆದು ಮಾಡಿಸಿದಂತೆ ಕೂತವು. ಹದಿನಾರು ವರ್ಷದಿಂದ ಆ ಹನ್ನೊಂದೂ ಆ ಮನೆಯ ಮುಚ್ಚಳಗಳು.

ಗೋಡೆಯ ಸುದ್ದಿ ಬಂದ ಮರುವಾರ ಅಪ್ಪ ಅಡುಗೆಮನೆಯ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಒಲೆ ಇತ್ತ, ನಲ್ಲಿ ಅತ್ತ. ಓರಗಿತ್ತಿಯರಿಗೆ ಅದೊಂದು ಆಟವಾಯಿತು. ಚಿಕ್ಕಮ್ಮ ಗೆರೆ ದಾಟುವ ಮುನ್ನ ಬಾಗಿಲು ತಟ್ಟಿದ ಹಾಗೆ ಗಾಳಿಯಲ್ಲಿ ತಟ್ಟಿ, "ಅಕ್ಕ, ಒಳಗೆ ಬರಬಹುದಾ?" ಎನ್ನುತ್ತಿದ್ದಳು. ಅಮ್ಮ, ಗುರುತಿನ ಚೀಟಿ ತೋರಿಸು ಎಂದು ಈರುಳ್ಳಿ ಎಸೆಯುತ್ತಿದ್ದಳು. ಬೆಳಗ್ಗೆ ಇಸ್ತ್ರಿ ಅಂಗಡಿಗೆ ಹೋಗುವ ಅಮ್ಮನಿಗೂ ಹೊಲಿಗೆ ಯಂತ್ರದ ಮುಂದೆ ಕೂರುವ ಚಿಕ್ಕಮ್ಮನಿಗೂ ನಗಲು ಸಿಗುತ್ತಿದ್ದದ್ದು ಆ ಒಂದು ಗಂಟೆ. ಆದರೆ ಹಿತ್ತಲಿಗೆ ಇಟ್ಟಿಗೆ ಬಂದು ಬಿದ್ದ ದಿನ ಇಬ್ಬರೂ ನಗಲಿಲ್ಲ. ಅಜ್ಜಿ ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಚೆನ್ನಾಗಿ ಸುಟ್ಟಿದ್ದಾರೆ ಎಂದಷ್ಟೇ ಹೇಳಿದಳು.

ಮರುದಿನ ಬೆಳಗ್ಗೆ ಕಿಡಿ ಕೆಲಸಕ್ಕೆ ಹೊರಡುವ ಮುಂಚೆ ನೀರು ಕುಡಿಯಲು ಲೋಟದ ಮುಚ್ಚಳ ಎತ್ತಿದಳು. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕೈಗೆ ಬಂದ ಗಾಜನ್ನೆಲ್ಲ ಬೆಳಕಿಗೆ ಓರೆ ಹಿಡಿದು ನೋಡುವುದು ಐದು ವರ್ಷದ ಚಟ. ಹಿಡಿದಳು. ಗೀರು ನೂರಿದ್ದವು. ಗೀರುಗಳ ಕೆಳಗೆ ನೇರಳೆ ಬಣ್ಣ ಒಂದೇ ಸಮ ಇರಲಿಲ್ಲ. ನಡುವಿನ ತೂತಿನ ಸುತ್ತ ಅಗಲವಾಗಿ ಒಂದು ಬಣ್ಣ, ಹೊರ ಅಂಚಿಗೆ ಉಗುರಿನಷ್ಟು ತೆಳ್ಳಗೆ ಇನ್ನೊಂದು. ಎರಡರ ನಡುವೆ ಗೆರೆ ಎಳೆದ ಹಾಗಿತ್ತು. ಲೇಪ ಹಾಕಿದ ಕನ್ನಡಕಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸದಂತೆ; ಏನೋ ಬರೆದ ಜಾಗ ಒಂದು, ಬರೆಯದ್ದು ಇನ್ನೊಂದು. ಇನ್ನೊಂದು ಮುಚ್ಚಳ ಎತ್ತಿದಳು. ಅದೂ ಹಾಗೇ. ನಾಲ್ಕು ಲೋಟ ತೆರೆದು ನೋಡಿದಮೇಲೆ ಅವಳು ನೀರು ಕುಡಿಯುವುದನ್ನೇ ಮರೆತಳು.

"ಅಜ್ಜಿ, ಇವು ಖಾಲಿ ಇಲ್ಲ."

"ಲೋಟ ತಾನೇ? ಈಗಷ್ಟೇ ತುಂಬಿಸಿದ್ದೀನಿ," ಎಂದಳು ಅಜ್ಜಿ.

ಕಿಡಿ ಯಾರಿಗೂ ಏನೂ ಹೇಳಲಿಲ್ಲ. ಹನ್ನೊಂದನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅಜ್ಜಿಯ ಲೋಟಗಳ ಮೇಲೆ ಅಂದಿನಿಂದ ಬಟ್ಟಲು ಕವುಚಿಕೊಂಡವು.

ಇಲ್ಲಿ ಅವಳು ಒಂದು ತಪ್ಪು ಮಾಡಿದಳು, ಗಾಜು ಉಜ್ಜುವವರು ಮಾತ್ರ ಮಾಡಬಹುದಾದ ತಪ್ಪು. ಗೀರು ತೆಗೆದರೆ ಡಿಸ್ಕ್ ಓಡುತ್ತದೆ ಎಂದು ಲೆಕ್ಕ ಹಾಕಿ, ಮಧ್ಯಾಹ್ನ ಮಾಲೀಕ ಊಟಕ್ಕೆ ಹೋದಾಗ ಎಲ್ಲಕ್ಕಿಂತ ಹೆಚ್ಚು ಗೀರಿದ್ದ ಒಂದನ್ನು ಪಾಲಿಶ್ ಚಕ್ರಕ್ಕೆ ಹಿಡಿದಳು. ಕನ್ನಡಕಕ್ಕೆ ಹಾಕುವ ಅದೇ ಪುಡಿ, ಅದೇ ವೇಗ. ಗೀರು ಚಕ್ಕನೆ ಹೋಯಿತು. ಕನ್ನಡಿಯಂತೆ ಹೊಳೆಯಿತು. ಖುಷಿಯಿಂದ ಮೇಜಿನ ಮೇಲಿಟ್ಟರೆ ಅದು ಓಲಾಡಿತು. ಚಕ್ರದ ಬಿಸಿಗೆ ಡಿಸ್ಕ್ ಹಪ್ಪಳದ ಹಾಗೆ ಡೊಂಕಾಗಿತ್ತು. ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ ಏಳು ಎಂದು ಬರೆದಿತ್ತು.

ಏಳರಲ್ಲಿ ಏನಿತ್ತೋ. ಅಜ್ಜನೇ ಇದ್ದನೋ. ಕಿಡಿ ಕೋಪಿಸಿಕೊಳ್ಳಲು ಸುತ್ತ ನೋಡಿದಳು. ತನ್ನನ್ನು ಬಿಟ್ಟರೆ ಯಾರೂ ಸಿಗಲಿಲ್ಲ. ಅದು ಹೊಸ ಅನುಭವ.

ಸಂಜೆ ಉಳಿದ ಹತ್ತನ್ನು ಹಿಡಿದು ಎರಡು ಬೀದಿ ಆಚೆಯ ಫೋಟೋ ಸ್ಟುಡಿಯೋಗೆ ಹೋದಳು. ಅಲ್ಲಿಯ ಮುದುಕನಿಗೆ ಈಗ ಕೆಲಸವೆಂದರೆ ಪಾಸ್‌ಪೋರ್ಟ್ ಫೋಟೋ ಮಾತ್ರ. ಊರವರೆಲ್ಲ ಅವನಿಗೆ ಸ್ಟುಡಿಯೋ ಮಾಮ ಎನ್ನುತ್ತಿದ್ದರು. ಏಳನೆಯ ಡಿಸ್ಕ್ ನೋಡಿ ಮೊದಲು ಚೆನ್ನಾಗಿ ಬೈದ. ಇದೇನು ಕನ್ನಡಕವಾ, ಚಕ್ರಕ್ಕೆ ಕೊಡೋಕೆ. ತಣ್ಣೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ನೇರ ಒರೆಸಬೇಕು, ಸುತ್ತ ಸುತ್ತ ಅಲ್ಲ ಎಂದ. ಆಮೇಲೆ ಉಳಿದವನ್ನು ದೀಪಕ್ಕೆ ಹಿಡಿದ.

"ತುಂಬಿದೆ ಮಗಳೇ. ಆದ್ರೆ ಮುಚ್ಚಿಲ್ಲ."

"ಮುಚ್ಚೋದು ಅಂದ್ರೆ?"

"ಬರೆದು ಮುಗಿದ ಮೇಲೆ ಕ್ಯಾಮೆರಾದಲ್ಲೇ ಒಂದು ಗುಂಡಿ ಒತ್ತಿ ಮುಚ್ಚಬೇಕು. ಆಗ್ಲೇ ಬೇರೆ ಮಷೀನಿಗೆ ಓದೋಕೆ ಬರೋದು. ಇಲ್ಲಾಂದ್ರೆ ಹೇಗೆ ಅಂದ್ರೆ, ಮನೆ ತುಂಬ ಸಾಮಾನಿದೆ, ಜನ ಇದ್ದಾರೆ, ಬಾಗಿಲಿಗೆ ನಂಬರ್ ಮಾತ್ರ ಹಾಕಿಲ್ಲ. ಟಪಾಲಿನವನು ಬಂದು, ಈ ಬೀದೀಲಿ ಮನೆಯೇ ಇಲ್ಲ ಅಂತ ಬರೆದು ವಾಪಸ್ ಹೋಗ್ತಾನೆ."

ಅಂದರೆ ಆ ಕಂಪ್ಯೂಟರಿನವನು ಹೇಳಿದ್ದು ಸುಳ್ಳಲ್ಲ, ಚಿಕ್ಕಪ್ಪ ಹೇಳಿದ್ದೂ ಸುಳ್ಳಲ್ಲ. ಕಿಡಿಗೆ ಅದನ್ನು ಅರಗಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಈಗ ಮುಚ್ಚಬಹುದೇ ಎಂದು ಕೇಳಿದಳು. ಅದೇ ಜಾತಿಯ ಕ್ಯಾಮೆರಾ ಬೇಕು ಎಂದ ಮಾಮ, ಎದ್ದು ಗಾಜಿನ ಬೀರುವಿನಿಂದ ಒಂದನ್ನು ತಂದ. ಹನ್ನೆರಡು ವರ್ಷದ ಹಿಂದೆ ಯಾರೋ ರಿಪೇರಿಗೆ ಕೊಟ್ಟು ಹೋದವರು ಇನ್ನೂ ಬಂದಿರಲಿಲ್ಲ. ಮುಚ್ಚಳ ತೆರೆಯುತ್ತಿರಲಿಲ್ಲ, ಅದನ್ನು ಬಿಚ್ಚಲು ಅವನ ಕೈ ನಡುಗುತ್ತಿತ್ತು. ತನ್ನ ಕನ್ನಡಕ ಮೂಗಿನ ಮೇಲೆ ನಿಲ್ಲುವ ಹಾಗೆ ಮಾಡಿಕೊಟ್ಟರೆ ಕ್ಯಾಮೆರಾ ಒಯ್ಯಬಹುದು ಎಂದ. ಕಿಡಿ ನಿಂತ ಕಾಲಲ್ಲೇ ಸ್ಕ್ರೂ ಬಿಗಿಮಾಡಿ, ಕಡ್ಡಿ ಬಗ್ಗಿಸಿ, ಅವನ ಕಿವಿಗೆ ಸಿಕ್ಕಿಸಿದಳು. ಮಾಮ ತಲೆ ಕೆಳಗೆ ಮಾಡಿ ಪರೀಕ್ಷಿಸಿ, ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಿದ.

ಸಿಕ್ಕಿಹಾಕಿಕೊಂಡ ಬಾಗಿಲು ತೆರೆಯುವುದೇ ಕೆಲಸವಾಗಿದ್ದ ಮನುಷ್ಯ ಮನೆಯಲ್ಲೇ ಒಬ್ಬನಿದ್ದ. ಮರುದಿನ ಮಧ್ಯಾಹ್ನ ಅವಳು ಎಂಟು ಮಹಡಿಯ ಕಚೇರಿ ಕಟ್ಟಡದ ನೆತ್ತಿ ಹತ್ತಿದಳು, ಮೆಟ್ಟಿಲಲ್ಲೇ, ಯಾಕೆಂದರೆ ಲಿಫ್ಟನ್ನು ಚಿಕ್ಕಪ್ಪ ಬಿಚ್ಚಿಹಾಕಿದ್ದ. ಯಂತ್ರದ ಕೋಣೆಯಲ್ಲಿ ಅವನು ತಲೆಕೆಳಗಾದ ಡಬ್ಬದ ಮೇಲೆ ಕೂತು ಬ್ರೆಡ್ಡಿನಲ್ಲಿ ಮೊಟ್ಟೆ ಸುತ್ತಿ ತಿನ್ನುತ್ತಿದ್ದ. ಕಿಡಿ ಬಟ್ಟೆ ಬಿಚ್ಚಿ ಡಿಸ್ಕುಗಳನ್ನು ತೋರಿಸಿ, ಮಾಮ ಹೇಳಿದ್ದನ್ನೆಲ್ಲ ಹೇಳಿದಳು. ಅವನ ಅಗಿಯುವ ಬಾಯಿ ನಿಂತಿತು.

"ಖಾಲಿ ಇರ್ಲಿಲ್ಲ," ಎಂದ.

"ಇರ್ಲಿಲ್ಲ."

"ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ. ಆದ್ರೆ ನೀನು ಅಪ್ಪನ್ನ ಕಳ್ಳ ಅಂದೆ. ಅವನೂ ಅಳಿಸಿರ್ಲಿಲ್ಲ."

ಚಿಕ್ಕಪ್ಪ ಕೈ ಒರೆಸಿಕೊಂಡು, ಅವಳು ತಂದಿದ್ದ ಕ್ಯಾಮೆರಾ ಕೈಗೆತ್ತಿಕೊಂಡ. ಅವನ ಸ್ಕ್ರೂಡ್ರೈವರುಗಳೆಲ್ಲ ಮೊಣಕೈಯುದ್ದದವು. ಕಿಡಿ ತನ್ನ ಕನ್ನಡಕದ ಸ್ಕ್ರೂಡ್ರೈವರ್ ಕೊಟ್ಟಳು. ಅದನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಇದೂ ಒಂದು ಲಿಫ್ಟೇ, ಒಂದೇ ಮಹಡಿಯದು ಎನ್ನುತ್ತಾ ಕಾಲು ಗಂಟೆ ಮೀಟಿದ. ಮುಚ್ಚಳ ಟಕ್ಕೆಂದು ಎದ್ದಿತು. ನಾಲ್ಕನೆಯ ಡಿಸ್ಕ್ ಹಾಕಿದರು. ಕ್ಯಾಮೆರಾ ಗೊರಗೊರ ಸದ್ದು ಮಾಡಿ, ಸುಮ್ಮನಾಗಿ, ಮತ್ತೆ ಗೊರಗುಟ್ಟಿತು. ಬೆಂಕಿಪೊಟ್ಟಣದಷ್ಟು ಪರದೆಯ ಮೇಲೆ ಹಿತ್ತಲು ಬಂತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಬಕೆಟ್ಟಿಗೆ ಕೋಲಿನಿಂದ ಬಾರಿಸುತ್ತಾ ಕ್ಯಾಮೆರಾದವನನ್ನು ಹೋಗು ಹೋಗು ಎಂದು ಗದರಿಸುತ್ತಿದ್ದಳು.

"ಆಗಲೂ ಬೈತಾನೇ ಇದ್ದೆ," ಎಂದ ಚಿಕ್ಕಪ್ಪ.

ಆಗ ಪರದೆಯ ಆಚೆಯಿಂದ ಮುದುಕನೊಬ್ಬ ಕೆಮ್ಮಿದ. ಅವನ ಮುಖ ಬರುವ ಮೊದಲೇ ಚಿಕ್ಕಪ್ಪ ಗುಂಡಿ ಒತ್ತಿ ನಿಲ್ಲಿಸಿಬಿಟ್ಟ. ಇಲ್ಲಿ ಬೇಡ, ಎಲ್ಲರ ಮುಂದೆ ಹಾಕೋಣ, ಅಂದು ಎಲ್ಲರ ಮುಂದೆ ತಾನೇ ನನ್ನನ್ನ ಸುಳ್ಳ ಅಂದದ್ದು ಎಂದ. ಕಿಡಿ ಆಗ ಏಳನೆಯದನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟಳು. ಇದನ್ನ ನಾನು ಸುಟ್ಟೆ ಎಂದಳು. ಬೈಗುಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು.

ಚಿಕ್ಕಪ್ಪ ಡೊಂಕು ಡಿಸ್ಕನ್ನು ತಿರುಗಿಸಿ ನೋಡಿದ. "ಏಳು. ಏಳರಲ್ಲಿ ಏನು ತೆಗೆದಿದ್ದೆ ನಾನು?" ಎಂದು ತನ್ನನ್ನೇ ಕೇಳಿಕೊಂಡ. ಆಮೇಲೆ ಉಳಿದ ಅರ್ಧ ಬ್ರೆಡ್ಡನ್ನು ಅವಳಿಗೆ ಕೊಟ್ಟ. "ತಿನ್ನು. ನಾನು ಕ್ಯಾಮೆರಾನೇ ನೀರಿಗೆ ಹಾಕಿದವನು."

ಗಾರೆಯವನು ಬರುವ ಹಿಂದಿನ ದಿನ ಭಾನುವಾರ. ಬೆಳಗ್ಗೆ ಹನ್ನೊಂದಕ್ಕೆ ಕಿಡಿ ಕ್ಯಾಮೆರಾದ ವೈರನ್ನು ಟಿವಿಗೆ ಸಿಕ್ಕಿಸಿದಳು. ಅಪ್ಪನನ್ನು ಕರೆತಂದು ಕೂರಿಸಿದ್ದು ಅಜ್ಜಿ. ಅವನು ವಿಷಯ ಕೇಳಿದವನೇ, ಅಮ್ಮ ಅವನಿಗೆ ಹೇಳು ಎಂದು ಶುರುಮಾಡಿದ. ಅಜ್ಜಿ ಕೈ ಎತ್ತಿ ತಡೆದಳು.

"ಇವತ್ತು ಟಪಾಲಿಗೆ ರಜೆ," ಎಂದಳು.

ಮೊದಲ ಡಿಸ್ಕಿನಲ್ಲೇ ಅಜ್ಜ ಬಂದ. ಕುರ್ಚಿಯಲ್ಲಿ ಕೂತು ಕಣ್ಣು ಕಿರಿದುಮಾಡಿ, ಅದೇನದು ಟಾರ್ಚಾ, ಹಗಲಲ್ಲಿ ಯಾಕೆ ಹಾಕ್ತೀಯ, ಬ್ಯಾಟರಿ ಹಾಳು ಎಂದ. ಅಪ್ಪನ ಜಿಪುಣತನ ಎಲ್ಲಿಂದ ಬಂತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ ಟಿವಿಯ ಹತ್ತಿರ ಬಗ್ಗಿ, "ಹಲ್ಲು ಕಟ್ಟಿಸ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಿದ್ರಾ? ನೋಡಿ ಈಗ ಹೇಗೆ ಕಾಣ್ತಿದ್ದೀರಿ," ಎಂದು ಪರದೆಗೇ ಹೇಳಿದಳು. ಅಜ್ಜ ಪರದೆಯೊಳಗಿಂದ ಬೊಚ್ಚುಬಾಯಿ ನಕ್ಕ. ಅಜ್ಜಿ ಕೂತಲ್ಲೇ ಕೈಯಿಂದ ಗಾಳಿಗೆ ಒಂದು ಏಟು ಕೊಟ್ಟಳು.

ಆಮೇಲೆ ಮೆರವಣಿಗೆ. ತಲೆತುಂಬ ಕೂದಲಿದ್ದ ಅಪ್ಪ ಬಂದಾಗ ಚಿಕ್ಕಮ್ಮ, ಯಾರಪ್ಪಾ ಇವರು, ಎಲ್ಲೋ ನೋಡಿದ ಹಾಗಿದೆ ಎಂದಳು. ಮದುವೆಯಾದ ಹೊಸತಿನ ಚಿಕ್ಕಮ್ಮ ಬಾಗಿಲ ಸಂದಿಯಿಂದ ನಾಚಿ ಇಣುಕಿದಾಗ ಅಮ್ಮ ಬಿದ್ದು ಬಿದ್ದು ನಕ್ಕಳು. ಆ ನಾಚಿಕೆಯನ್ನು ಎಲ್ಲಿಟ್ಟು ಮರೆತೆ ಎಂದು ಕೇಳಿದಳು. ಅಪ್ಪ ನಗಲಿಲ್ಲ. ಮೂರನೆಯ ಡಿಸ್ಕ್ ಮುಗಿಯುವ ಹೊತ್ತಿಗೆ ಕುರ್ಚಿಯ ಅಂಚಿಗೆ ಸರಿದಿದ್ದ. ತಮ್ಮ ತೆಗೆದಿದ್ದ. ಇಡೀ ಒಂದು ವರ್ಷ ತೆಗೆದಿದ್ದ. ಚಿಕ್ಕಪ್ಪ ಟಿವಿಯನ್ನು ಬಿಟ್ಟು ಅಣ್ಣನ ಮುಖವನ್ನೇ ನೋಡುತ್ತಿದ್ದ, ಹದಿನಾರು ವರ್ಷದಿಂದ ಕಾದ ಊಟ ಬಡಿಸುತ್ತಿದ್ದಾರೆ ಎಂಬಂತೆ.

ಒಂಬತ್ತನೆಯದರಲ್ಲಿ ಚಿಕ್ಕಪ್ಪ ಕ್ಯಾಮೆರಾ ನಿಲ್ಲಿಸುವುದನ್ನು ಮರೆತು ಮಹಡಿಯ ನೆಲದ ಮೇಲೆ ಇಟ್ಟಿದ್ದ. ಪರದೆಯಲ್ಲಿ ಎರಡು ಜೊತೆ ಕಾಲು ಮಾತ್ರ. ಧ್ವನಿಗಳು ಸ್ಪಷ್ಟವಾಗಿದ್ದವು.

"ಅಣ್ಣ, ಇದರ ಪುಸ್ತಕದಲ್ಲಿ ಬರೆದಿದೆ. ಡಿಸ್ಕ್ ಆದ ಮೇಲೆ ಮುಚ್ಚಬೇಕಂತೆ. ಮುಚ್ಚಿದ್ರೇನೇ ಬೇರೆ ಕಡೆ ಓಡೋದಂತೆ. ಮುಚ್ಚಲಾ?"

"ಎಷ್ಟು ಜಾಗ ಉಳಿದಿದೆ ಇದರಲ್ಲಿ?"

"ಮೂರು ನಿಮಿಷ."

"ಮೂರು ನಿಮಿಷ ಇಟ್ಕೊಂಡು ಯಾರಾದ್ರೂ ಮುಚ್ತಾರೇನೋ? ಎಲ್ಲಾದರಲ್ಲೂ ಹೀಗೇ ಸ್ವಲ್ಪ ಸ್ವಲ್ಪ ಉಳಿಸು. ಒಂದನ್ನೂ ಮುಚ್ಚಬೇಡ. ಮುಂದೆ ಉಪಯೋಗಕ್ಕೆ ಬರುತ್ತೆ."

ಯಾರ ಧ್ವನಿ ಎಂದು ಅನುಮಾನ ಬರುವಂತಿರಲಿಲ್ಲ. ಬಂದರೂ ಕಾಲುಗಳಿದ್ದವು. ಒಂದು ಚಪ್ಪಲಿಯ ಪಟ್ಟಿಗೆ ತಾಮ್ರದ ತಂತಿ ಸುತ್ತಿತ್ತು. ಎಲ್ಲರೂ ಒಟ್ಟಿಗೆ ಬಾಗಿಲ ಬಳಿ ಬಿಟ್ಟಿದ್ದ ಅಪ್ಪನ ಚಪ್ಪಲಿಯ ಕಡೆ ನೋಡಿದರು. ಅದೇ ಚಪ್ಪಲಿ. ಅದೇ ತಂತಿ.

ಯಾರೂ ನಗಲಿಲ್ಲ. ನಗುವನ್ನು ತಡೆದು ತಡೆದು ಚಿಕ್ಕಮ್ಮನ ಭುಜ ಕುಣಿಯುತ್ತಿತ್ತು. ಚಿಕ್ಕಪ್ಪನೇ ದಂಗಾಗಿ ಕೂತಿದ್ದ. ಈ ಮಾತು ನಡೆದದ್ದು ಅವನಿಗೂ ಒಂದು ಚೂರೂ ನೆನಪಿರಲಿಲ್ಲ. ಗೆದ್ದವನು ಏನಾದರೂ ಅನ್ನಬೇಕಲ್ಲ, ಬಾಯಿ ತೆರೆದ. "ಅಮ್ಮ, ಅವನಿಗೆ ಹೇಳು..."

"ರಜೆ ಅಂದೆನಲ್ಲ," ಎಂದಳು ಅಜ್ಜಿ.

ಟಿವಿಯಲ್ಲಿ ಕಾಲುಗಳು ನಡೆದುಹೋಗಿ ಬರೀ ನೆಲ ಉಳಿಯಿತು. ಅಪ್ಪ ಆ ನೆಲವನ್ನೇ ನೋಡುತ್ತಾ ಕೂತ. ಕಿಡಿ ಜೀವನದಲ್ಲಿ ಮೊದಲ ಸಲ ಬೈಯಬೇಕಾದ ಕಡೆ ಬೈಯದೆ ಕಾದಳು. ಕಡೆಗೆ ಅಪ್ಪ ತಲೆ ಎತ್ತಿದ. ತಾಯಿಯ ಕಡೆ ಅಲ್ಲ, ತಮ್ಮನ ಕಡೆ.

"ಬರೀ ಕಾಲು ತೆಗೆದಿದ್ದೀಯಲ್ಲೋ. ಮುಖ ಎಲ್ಲಿ?"

ಚಿಕ್ಕಪ್ಪ ನೇರವಾಗಿ ಅಣ್ಣನಿಗೇ ಹೇಳಿದ. "ಮುಖಾನೂ ತೆಗೆದಿದ್ರೆ ಜಾಗ ಖರ್ಚಾಗ್ತಿತ್ತು. ನೀನು ಬಿಡ್ತಿದ್ಯಾ?"

ಚಿಕ್ಕಮ್ಮನ ನಗು ಅಣೆಕಟ್ಟು ಒಡೆದಂತೆ ಹೊರಬಿತ್ತು. ಅಮ್ಮ ಅವಳ ಮೇಲೆ ಒರಗಿಕೊಂಡು ನಕ್ಕಳು. ಆ ಗದ್ದಲದ ನಡುವೆ ಅಪ್ಪ ಸಣ್ಣ ದನಿಯಲ್ಲಿ, ನಾನೇ ಬೇಡ ಅಂದಿದ್ದೆ, ನಿನ್ನನ್ನ ಸುಳ್ಳ ಅಂದೆ ಎಂದ. ಹೌದು, ಅಂದೆ ಎಂದ ಚಿಕ್ಕಪ್ಪ. ನಾನೂ ನಿನ್ನನ್ನ ಕಳ್ಳ ಅಂದೆ ಎಂದು ಸೇರಿಸಿದ. ಅಷ್ಟಕ್ಕೆ ಇಬ್ಬರಿಗೂ ಸಾಕುಸಾಕಾಗಿ, ಇಬ್ಬರೂ ಒಟ್ಟಿಗೆ ಕ್ಯಾಮೆರಾದ ಕಡೆ ತಿರುಗಿದರು.

"ಇವನ್ನೆಲ್ಲ ಈಗ ಮುಚ್ಚಬಹುದು," ಎಂದಳು ಕಿಡಿ.

ಅಪ್ಪ ಚಡಪಡಿಸಿದ. ಮುಖ ಕೆಂಪಾಯಿತು. ಹೇಳಬಾರದು ಎಂದು ಗೊತ್ತಿದ್ದೂ ಅವನಿಂದ ತಡೆಯಲಾಗಲಿಲ್ಲ. "ಒಂಬತ್ತರಲ್ಲಿ ಮೂರು ನಿಮಿಷ ಇನ್ನೂ ಇದೆಯಲ್ಲ?" ಎಂದ. ಎಲ್ಲರೂ ಹಣೆ ಚಚ್ಚಿಕೊಂಡರು. "ಅಲ್ಲ, ಅಮ್ಮನ್ನ ತೆಗಿ ಅಂತ ಹೇಳಿದೆ," ಎಂದು ಅಪ್ಪ ಗೊಣಗಿದ. "ಯಾವುದರಲ್ಲೂ ಅಮ್ಮ ಇಲ್ಲ. ಬರೀ ಒಳಗೆ ಹೊರಗೆ ಓಡಾಡ್ತಿದ್ದಾಳೆ, ಲೋಟ ಹಿಡ್ಕೊಂಡು."

ನಿಜವಾಗಿತ್ತು. ಎಲ್ಲದರಲ್ಲೂ ಅಜ್ಜಿ ಅರ್ಧ ಸೆರಗು, ಒಂದು ಕೈ, ಒಂದು ಬೆನ್ನು. ಕಿಡಿಗೆ ಅಪ್ಪನ ಮೇಲೆ ಮೊದಲ ಸಲ ಹೆಮ್ಮೆ ಅನ್ನಿಸಿತು. ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಊಟದ ಹೊತ್ತು ಮೀರಿತ್ತು. ಅಮ್ಮ ಅನ್ನ ಬಸಿದಳು, ಚಿಕ್ಕಮ್ಮ ಬೇಳೆ ಇಳಿಸಿದಳು. ಇಬ್ಬರೂ ಹತ್ತು ಸಲ ಓಡಾಡುವುದರಲ್ಲಿ ಸೀಮೆಸುಣ್ಣದ ಗೆರೆ ಕಾಲಿಗೆ ಮೆತ್ತಿಕೊಂಡು ಮನೆಯೆಲ್ಲ ಹರಡಿತು. ಅಜ್ಜಿಯನ್ನು ಮೇಜಿನ ನಡುವೆ ಕೂರಿಸಿ ಹಬೆಯಾಡುವ ಅನ್ನ ಬಡಿಸಿದರು. ಚಿಕ್ಕಪ್ಪ ಕ್ಯಾಮೆರಾ ಹಿಡಿದು ಎದುರು ನಿಂತ. ಅಪ್ಪ ಪಕ್ಕದಲ್ಲಿ ನಿಂತು, ತಲೆ ಕತ್ತರಿಸಬೇಡ, ಕಾಲು ತೆಗೆಯಬೇಡ ಎಂದು ಅವನಿಗೇ ನೇರ ಹೇಳುತ್ತಿದ್ದ. ನಾಳೆ ಗಾರೆಯವನಿಗೆ ಬೇಡ ಅನ್ನಬೇಕಲ್ಲ ಎಂದು ಅಮ್ಮ ನೆನಪಿಸಿದಳು. ಇಟ್ಟಿಗೆ ಬಂದಿದೆ, ಹಾಳುಮಾಡೋಕಾಗುತ್ತಾ, ಹಿತ್ತಲಲ್ಲಿ ಬಟ್ಟೆ ಒಗೆಯೋ ಕಟ್ಟೆ ಕಟ್ಟಿಸೋಣ ಎಂದ ಅಪ್ಪ. ಸೊಂಟದೆತ್ತರ ಇರಲಿ ಎಂದ ಚಿಕ್ಕಪ್ಪ. ಅಷ್ಟೆತ್ತರಕ್ಕೆ ಇಟ್ಟಿಗೆ ಸಾಲದು ಎಂದ ಅಪ್ಪ. ಅಲ್ಲಿಂದ ಮಾತು ಏಳನೆಯ ಡಿಸ್ಕಿಗೆ ಹೊರಳಿತು.

"ಏಳರಲ್ಲಿ ನಮ್ಮಪ್ಪ ಬಸ್ ಓಡಿಸಿ ತೋರಿಸಿದ್ದು ಇತ್ತು," ಎಂದ ಚಿಕ್ಕಪ್ಪ. "ಕುರ್ಚಿ ಮೇಲೆ ಕೂತು, ತಟ್ಟೆ ಹಿಡ್ಕೊಂಡು."

"ಅದು ಕ್ಯಾಮೆರಾ ಕೊಳ್ಳೋಕೆ ಮುಂಚಿನದು. ಏಳರಲ್ಲಿ ಕಿಡಿ ಮಹಡಿ ಮೆಟ್ಟಿಲಿಂದ ಬಿದ್ದದ್ದು."

"ಬಿದ್ದದ್ದು ನಾನು ತೆಗೆದೇ ಇಲ್ಲ. ಎತ್ತೋಕೆ ಓಡಿದ್ದೆ."

"ತೆಗೆದಿದ್ದೀಯ."

"ಇಲ್ಲ ಅಣ್ಣ."

ಆ ಅಣ್ಣ ಎನ್ನುವ ಶಬ್ದ ಅವನ ಬಾಯಿಂದ ಜಾರಿದ್ದು ಅವನಿಗೇ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು, ಅವನು ಇನ್ನಷ್ಟು ಜೋರಾಗಿ, ತೆಗೆದಿದ್ದೀಯ ಎಂದ. ತಲೆಯ ಮೇಲಿಂದ ಜಗಳ ಹಾರಾಡುತ್ತಿತ್ತು. ಯಾರೂ ಅದನ್ನು ಅಜ್ಜಿಯ ಕೈಗೆ ಕೊಡಲಿಲ್ಲ. ಅವಳು ತಲೆ ಬಗ್ಗಿಸಿ, ತುತ್ತಿಗೆ ಊದಿ ಊದಿ, ಒಂದೇ ಸಮ ಉಂಡಳು. ಕ್ಯಾಮೆರಾ ಬೀಪ್ ಎಂದಿತು. ಮೂರು ನಿಮಿಷ ಮುಗಿದಿತ್ತು.

"ಮುಚ್ಚಲಾ?" ಎಂದು ಕೇಳಿದ ಚಿಕ್ಕಪ್ಪ.

"ಜಾಗ ಪೂರ್ತಿ ಆಯ್ತು ತಾನೇ?"

"ಆಯ್ತು."

"ಹಾಗಾದ್ರೆ ಮುಚ್ಚು," ಎಂದ ಅಪ್ಪ.

ಅಜ್ಜಿ ನೀರಿಗೆ ಕೈ ಚಾಚಿದಳು. ಬಟ್ಟಲುಗಳೆಲ್ಲ ಊಟಕ್ಕೆ ಹೋಗಿ ಲೋಟದ ಬಾಯಿ ತೆರೆದೇ ಇತ್ತು. ನನ್ನ ಮುಚ್ಚಳಗಳನ್ನೆಲ್ಲ ಟಿವಿಗೆ ಕೊಟ್ಟಿರಿ, ಇನ್ನು ನೊಣ ಕುಡೀಲಾ ಎಂದು ಕೇಳಿದಳು. ಕಿಡಿ ಚೀಲದಿಂದ ಏಳನೆಯದನ್ನು ತೆಗೆದು ಲೋಟದ ಮೇಲಿಟ್ಟಳು. ಡೊಂಕು ಡಿಸ್ಕ್ ಎರಡು ಸಲ ಓಲಾಡಿ ಹೇಗೋ ಕೂತಿತು.

ಅಣ್ಣತಮ್ಮಂದಿರು ಆಗಲೇ ಬಸ್ಸಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಸ್ಸಿಗೆ ನಾಲ್ಕು ಸಲ ಓಡಾಡಿದ್ದರು. ಅಜ್ಜಿ ಮೊಮ್ಮಗಳ ಕಿವಿಯ ಹತ್ತಿರ ಬಗ್ಗಿದಳು.

"ಇದರಲ್ಲಿ ಏನಿತ್ತು ಅಂತ ನಂಗೆ ಚೆನ್ನಾಗಿ ನೆನಪಿದೆ," ಎಂದಳು.

"ಮತ್ತೆ ಹೇಳು ಅವರಿಗೆ."

ಅಜ್ಜಿ ಇಬ್ಬರು ಮಕ್ಕಳನ್ನೂ ಒಮ್ಮೆ ನೋಡಿ, ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಯಾಕೆ ಹೇಳ್ಲಿ? ಈಗ ತಾನೇ ಮಾತಾಡ್ತಿದ್ದಾರೆ. ನೀನು ಇನ್ನೊಂದು ಸೌಟು ಅನ್ನ ಹಾಕು, ಬಿಸಿ ಇರುವಾಗಲೇ."